ಬದನೆಕಾಯಿ ಮಲಗುವವರೆಗೆ

ಬಾಡಿಗೆ ಮನೆಯಲ್ಲಿ ಮೊದಲ ಸಲ ಗ್ಯಾಸ್ ಒಲೆಯ ಮೇಲೆ ಬದನೆಕಾಯಿ ಸುಟ್ಟ ದಿನ ಅದು ಪಟ್ಟೆಂದು ಸಿಡಿಯಿತು. ಬೆಂಗಳೂರಿನ ಶ್ರೀನಗರದ ಎರಡನೆಯ ಮಹಡಿಯ ಮನೆ, ಭಾನುವಾರದ ಬೆಳಿಗ್ಗೆ, ಪಕ್ಕದ ಒಲೆಯಲ್ಲಿ ಮುದ್ದೆಗೆ ಎಸರು ಕಾಯುತ್ತಿತ್ತು. ಬಿಸಿ ತಿರುಳು ಗೋಡೆಯ ಟೈಲ್ಸ್‌ಗೂ ನನ್ನ ಮುಂಗೈಗೂ ರಾಚಿತು. ಕೈಗೆ ತಣ್ಣೀರು ಬಿಟ್ಟುಕೊಂಡು, ಒಲೆಯ ಮೇಲೆ ಉಳಿದಿದ್ದ ಕಾಯಿಯನ್ನು ಬಿಡಿಸಿ ನೋಡಿದೆ. ಸಿಪ್ಪೆ ಇದ್ದಿಲಾಗಿತ್ತು, ಅದರ ಕೆಳಗೆ ಬೆರಳಿನ ದಪ್ಪ ಬೆಂದಿತ್ತು, ನಡುವಿನ ಭಾಗ ಸ್ಪಂಜಿನ ಹಾಗೆ ಬೆಳ್ಳಗೆ ಹಸಿಯಾಗಿಯೇ ಇತ್ತು. ಅಂದು ಮುದ್ದೆಗೆ ಉಪ್ಪಿನಕಾಯಿಯೇ ಗತಿಯಾಯಿತು.

ನಾನು ಬೆಳೆದದ್ದು ಸಕಲೇಶಪುರದ ಕಡೆ. ನಮ್ಮಲ್ಲಿ ಬದನೆಕಾಯಿ ಸುಡುತ್ತಿದ್ದುದು ಬಚ್ಚಲೊಲೆಯಲ್ಲಿ. ಹಂಡೆಯ ನೀರು ಕಾದು, ಮನೆಮಂದಿಯ ಸ್ನಾನವೆಲ್ಲ ಮುಗಿದ ಮೇಲೆ ಒಲೆಯಲ್ಲಿ ಕೆಂಡ ಉಳಿದಿರುತ್ತದೆ. ಅಜ್ಜಿ ಅದನ್ನು ಕೆದಕಿ, ಬಿಸಿ ಬೂದಿಯ ನಡುವೆ ಗುಳಿ ಮಾಡಿ, ಎರಡು ಕಾಯಿಗಳನ್ನು ಹೂತು, ಮೇಲೆ ಮತ್ತೆ ಬೂದಿ ಎಳೆದು ಹೊರಟುಬಿಡುತ್ತಿದ್ದರು. ದನಕ್ಕೆ ಹುಲ್ಲು ಹಾಕಿ, ಪೂಜೆಗೆ ಹೂವು ಕೊಯ್ದು, ಕಾಯಿ ತುರಿದಿಟ್ಟು ಬರುವ ಹೊತ್ತಿಗೆ ಮುಕ್ಕಾಲು ಗಂಟೆಯಾದರೂ ಕಳೆದಿರುತ್ತಿತ್ತು. ಹಸಿವು ತಡೆಯಲಾರದೆ ನಾನು ಒಲೆಯ ಬಾಯಿಗೆ ಇಣುಕಿ "ಆಯಿತಾ ಅಜ್ಜಿ?" ಎಂದರೆ, "ಅದು ಮಲಗಲಿ ಮಗೂ, ಆಮೇಲೆ ತೆಗೆಯೋಣ" ಎನ್ನುತ್ತಿದ್ದರು. ಆ ಮಾತಿನಲ್ಲಿ ಇಡೀ ವಿದ್ಯೆಯೇ ಇತ್ತೆಂದು ನನಗೆ ತಿಳಿದದ್ದು ಬೆಂಗಳೂರಿಗೆ ಬಂದು, ಹತ್ತಾರು ಕಾಯಿಗಳನ್ನು ಹಾಳು ಮಾಡಿದ ಮೇಲೆ.

ಬದನೆಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಆ ನೀರನ್ನು ಹಿಡಿದಿಟ್ಟ ತಿರುಳಿನ ತುಂಬ ಗಾಳಿ ತುಂಬಿದ ಸಣ್ಣ ಸಣ್ಣ ಸಂದುಗಳಿವೆ. ಅದಕ್ಕೇ ಹಸಿ ಕಾಯಿ ಒತ್ತಿದರೆ ಸ್ಪಂಜಿನ ಹಾಗೆ ಪುಟಿಯುತ್ತದೆ, ಬಾಣಲೆಗೆ ಹಾಕಿದರೆ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ. ಕಾವು ಒಳಗೆ ಇಳಿದಂತೆ ತಿರುಳಿನ ಗೋಡೆಗಳು ಮೆತ್ತಗಾಗಿ, ಗಾಳಿ ಹೊರಟುಹೋಗಿ, ಕಾಯಿ ತನ್ನೊಳಗೇ ಕುಸಿಯುತ್ತದೆ. ಅಜ್ಜಿ ಮಲಗುವುದು ಎನ್ನುತ್ತಿದ್ದುದು ಇದನ್ನೇ. ಉರಿ ದೊಡ್ಡದು ಮಾಡಿ ಅದನ್ನು ಅವಸರಪಡಿಸಲು ಆಗುವುದಿಲ್ಲ. ಒಳಗಿರುವುದು ನೀರು; ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹೊರಗೆ ಜ್ವಾಲೆ ಎಷ್ಟೇ ಉರಿಯಲಿ, ನೀರು ಇರುವಷ್ಟು ಹೊತ್ತು ತಿರುಳಿನ ಬಿಸಿ ಅದನ್ನು ದಾಟುವುದಿಲ್ಲ. ದೊಡ್ಡ ಉರಿಯಿಂದ ಸಿಪ್ಪೆ ಬೇಗ ಕರಿದಾಗುತ್ತದೆ, ಕರಿದಾದ ಸಿಪ್ಪೆ ನೋಡಿ ನಾವು ಒಲೆ ಆರಿಸುತ್ತೇವೆ, ಒಳಗೆ ಹಸಿ ಉಳಿಯುತ್ತದೆ. ಮೊದಲ ವರ್ಷ ನಾನು ಮಾಡುತ್ತಿದ್ದ ತಪ್ಪು ಇದೊಂದೇ.

ಈಗ ಕಾಯಿಯ ಆಯ್ಕೆಗೆ ಬರುತ್ತೇನೆ. ಅರ್ಧ ಕೆಲಸ ಇಲ್ಲಿಯೇ ತೀರ್ಮಾನವಾಗುತ್ತದೆ. ಎಣ್ಣೆಗಾಯಿಗೆ ಬಳಸುವ ಸಣ್ಣ ಕಾಯಿ ಸುಡುವುದಕ್ಕೆ ಬೇಡ. ಸಿಪ್ಪೆ ತೆಗೆದ ಮೇಲೆ ಕೈಗೆ ಏನೂ ಸಿಗುವುದಿಲ್ಲ. 350ರಿಂದ 400 ಗ್ರಾಂ ತೂಗುವ, ನೇರಳೆ ಬಣ್ಣದ ದಪ್ಪ ಕಾಯಿ ನನಗೆ ಹಿಡಿಸುತ್ತದೆ. ಗಾಂಧಿ ಬಜಾರಿನಲ್ಲಿ ನಾನು ಯಾವಾಗಲೂ ತರಕಾರಿ ಕೊಳ್ಳುವ ಅಮ್ಮ ಒಂದು ಪಾಠ ಕಲಿಸಿದರು. ಒಂದೇ ಗಾತ್ರದ ಎರಡು ಕಾಯಿಗಳನ್ನು ಎರಡೂ ಕೈಯಲ್ಲಿ ಹಿಡಿಸಿ, "ಯಾವುದು ಹಗುರ ಹೇಳಮ್ಮ? ಸುಡುವುದಕ್ಕೆ ಅದನ್ನೇ ತೆಗೆದುಕೋ. ಭಾರ ಇರುವುದು ಬರೀ ಬೀಜ" ಎಂದರು. ಅಂದಿನಿಂದ ಹಾಗೆಯೇ ಆರಿಸುತ್ತೇನೆ, ಅವರ ಮಾತು ಸುಳ್ಳಾದದ್ದು ಬಹಳ ಕಡಿಮೆ. ಸಿಪ್ಪೆ ಹೊಳೆಯುತ್ತಿರಬೇಕು, ತೊಟ್ಟು ಹಸಿರಾಗಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯಬಾರದು. ಮಂಕಾದ, ಹಳದಿಗೆ ತಿರುಗಿದ ಕಾಯಿ ಬಲಿತದ್ದು, ಸುಟ್ಟರೆ ಕಹಿ.

ತೂತಿಗಾಗಿ ಸುತ್ತಲೂ ಹುಡುಕುವುದನ್ನು ಮರೆಯಬಾರದು. ಕಾಯಿಕೊರಕ ಹುಳು ಬದನೆಗೆ ಬಹಳ ದೊಡ್ಡ ಶತ್ರು. ಇಡಿಯಾಗಿ ಸುಡುವಾಗ ಒಳಗೆ ಏನಿದೆಯೆಂದು ಕಾಣುವುದಿಲ್ಲವಾದ್ದರಿಂದ, ಸಂಶಯ ಬಂದ ಕಾಯಿಯನ್ನು ತುದಿಯಿಂದ ತೊಟ್ಟಿನ ಬಳಿಯವರೆಗೆ ನಾಲ್ಕಾಗಿ ಸೀಳಿ, ತೊಟ್ಟು ಕತ್ತರಿಸದೆ, ಅಗಲಿಸಿ ನೋಡುತ್ತೇನೆ. ಸೀಳಿದ ಕಾಯಿಯನ್ನೂ ಮತ್ತೆ ಕೂಡಿಸಿ ಸುಡಬಹುದು. ರಸ ಸ್ವಲ್ಪ ಹೆಚ್ಚು ಸೋರುತ್ತದೆ, ಅಷ್ಟೇ. ಹುಳುವಿನ ಹಿಕ್ಕೆ ಕಂಡರೆ ಆ ಭಾಗ ಕೆತ್ತಿ ಉಳಿದದ್ದು ಬಳಸೋಣ ಎಂಬ ಆಸೆ ನನಗಿಲ್ಲ, ಕಾಯಿಯನ್ನೇ ಬಿಡುತ್ತೇನೆ.

ಉಡುಪಿಯ ಕಡೆಯ ಮಟ್ಟು ಗುಳ್ಳ ಒಮ್ಮೊಮ್ಮೆ ಬೆಂಗಳೂರಿನಲ್ಲೂ ಸಿಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ, ತಿಳಿ ಹಸಿರಿನ, ದುಂಡನೆಯ ಕಾಯಿ ಅದು. ಕರಾವಳಿಯವರು ಸುಟ್ಟು ಬಜ್ಜಿ ಮಾಡುತ್ತಾರೆ. ಸಿಪ್ಪೆ ತೆಳುವಾದ್ದರಿಂದ ಬೇಗ ಬೇಯುತ್ತದೆ. ನೇರಳೆ ಕಾಯಿಯ ಹೊತ್ತನ್ನು ಅದಕ್ಕೆ ಕೊಟ್ಟರೆ ತಿರುಳೂ ಸಿಪ್ಪೆಯ ಜೊತೆ ಸುಟ್ಟುಹೋಗುತ್ತದೆ. ಸಿಕ್ಕಾಗ ಬಿಡಬೇಡಿ.

ಸುಡುವ ಕೆಲಸ ಹೀಗೆ. ಕಾಯಿ ತೊಳೆದು, ಬಟ್ಟೆಯಿಂದ ಪೂರ್ತಿ ಒರೆಸುತ್ತೇನೆ. ಚಾಕುವಿನ ಮೊನೆಯಿಂದ ಸುತ್ತಲೂ ಏಳೆಂಟು ಕಡೆ, ಸುಮಾರು ಒಂದು ಸೆಂಟಿಮೀಟರ್ ಆಳಕ್ಕೆ ಚುಚ್ಚುತ್ತೇನೆ. ಅಂದು ನನ್ನ ಕಾಯಿ ಸಿಡಿದದ್ದು ಇದನ್ನು ಮಾಡದೆ ಇದ್ದುದರಿಂದ. ಒಳಗಿನ ಹಬೆಗೆ ದಾರಿ ಬೇಕು. ಅರ್ಧ ಚಮಚ ಎಣ್ಣೆ ಸವರುತ್ತೇನೆ, ಸಿಪ್ಪೆ ಒಂದೇ ಸಮ ಸುಟ್ಟು ಸುಲಭವಾಗಿ ಬಿಡುತ್ತದೆ. ತೊಟ್ಟನ್ನು ಕತ್ತರಿಸುವುದಿಲ್ಲ. ಮೆತ್ತಗಾದ ಕಾಯಿಯನ್ನು ಎತ್ತಿ ತಿರುಗಿಸಲು ಆ ತೊಟ್ಟೇ ಹಿಡಿ. ಅದು ಬಿಸಿಯಾಗಿರುತ್ತದೆ, ಇಕ್ಕಳ ಬಳಸಿ.

ಒಲೆಯ ಮೇಲೆ ಹಪ್ಪಳ ಸುಡುವ ಜಾಲರಿ ಇಡುತ್ತೇನೆ. ಕಾಯಿಯನ್ನು ಬರ್ನರಿನ ಮೇಲೆ ನೇರವಾಗಿ ಇಟ್ಟರೆ ಜ್ವಾಲೆ ಒಂದೇ ಜಾಗವನ್ನು ತಿನ್ನುತ್ತದೆ, ಸೋರಿದ ರಸವೂ ಬರ್ನರಿನ ತೂತುಗಳಿಗೆ ಇಳಿದು ಕಟ್ಟಿಕೊಳ್ಳುತ್ತದೆ. ಅದನ್ನು ಸೂಜಿಯಿಂದ ಬಿಡಿಸುತ್ತ ಒಂದು ಸಂಜೆ ಕಳೆದವಳು ನಾನು. ಮೊದಲು ಐದು ನಿಮಿಷ ಮಧ್ಯಮ ಉರಿ, ಸಿಪ್ಪೆಗೆ ಬಣ್ಣ ಬರುವವರೆಗೆ. ಆಮೇಲೆ ಸಣ್ಣ ಉರಿ. ಮೂರು ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತೇನೆ. 400 ಗ್ರಾಮಿನ ಕಾಯಿಗೆ ಒಟ್ಟು 20ರಿಂದ 25 ನಿಮಿಷ ಬೇಕಾಗುತ್ತದೆ. ಹತ್ತೇ ನಿಮಿಷ ಸಾಕೆಂದು ಹೇಳುವವರಿದ್ದಾರೆ. ಸಣ್ಣ ಕಾಯಿಗೆ ಸಾಕಾಗಬಹುದು, ಈ ಗಾತ್ರಕ್ಕೆ ಸಾಲದು. ಕಿಟಕಿ ತೆರೆದಿರಲಿ. ಒಲೆಯ ಮುಂದಿನಿಂದ ಕದಲಬೇಡಿ. ಅಜ್ಜಿ ಕದಲಬಹುದಿತ್ತು, ಅವರದು ಬೂದಿ ಮುಚ್ಚಿದ ಕೆಂಡ. ನಮ್ಮದು ತೆರೆದ ಜ್ವಾಲೆ.

ಕಾಯಿ ಮೊದಲು ಹೊಟ್ಟೆಯ ಭಾಗದಲ್ಲಿ ಕುಸಿಯುತ್ತದೆ. ಚುಚ್ಚಿದ ತೂತುಗಳಿಂದ ನೊರೆನೊರೆಯಾಗಿ ರಸ ಬಂದು ಚುರ್ ಎನ್ನುತ್ತದೆ. ಇಲ್ಲಿಗೆ ಆಯಿತು ಎನಿಸುತ್ತದೆ, ಆದರೆ ಆಗಿರುವುದಿಲ್ಲ. ತೊಟ್ಟಿನ ಕೆಳಗಿನ ಕುತ್ತಿಗೆ ಎಲ್ಲಕ್ಕಿಂತ ಗಟ್ಟಿ, ಕಾಯಿ ಮಲಗಿದ್ದಾಗ ಉರಿಯೂ ಅಲ್ಲಿಗೆ ಸರಿಯಾಗಿ ತಾಗುವುದಿಲ್ಲ. ಅದಕ್ಕಾಗಿ ಕೊನೆಯ ನಾಲ್ಕೈದು ನಿಮಿಷ ಇಕ್ಕಳದಲ್ಲಿ ಹಿಡಿದು, ಕುತ್ತಿಗೆಯನ್ನೇ ಜ್ವಾಲೆಯ ಕಡೆಗೆ ಓರೆಯಾಗಿ ಆನಿಸುತ್ತೇನೆ. ಚಾಕುವಿನ ಮೊನೆಯನ್ನು ಅಲ್ಲಿ ಇಳಿಸಿದರೆ ಬೆಣ್ಣೆಗೆ ಇಳಿದಂತೆ ಇಳಿಯಬೇಕು. ಸ್ವಲ್ಪ ತಡೆದರೂ ಇನ್ನೆರಡು ನಿಮಿಷ ಬೇಕು. ಬೆಂದ ಕಾಯಿ ಜಾಲರಿಯ ಮೇಲೆ ಗಾಳಿ ಹೋದ ಬಲೂನಿನಂತೆ ಸುಕ್ಕುಗಟ್ಟಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಇಲ್ಲಿ ಎರಡು ನಿಮಿಷ ಹೆಚ್ಚಾದರೆ ನಷ್ಟವಿಲ್ಲ, ಕಡಿಮೆಯಾದರೆ ಇಡೀ ಗೊಜ್ಜು ಕೆಟ್ಟಿತು. ಅರೆಬೆಂದ ತಿರುಳು ಒಗರಾಗಿ, ರಬ್ಬರಿನಂತೆ ಹಲ್ಲಿಗೆ ಸಿಗುತ್ತದೆ.

ಇಳಿಸಿದ ಕೂಡಲೇ ಪಾತ್ರೆಗೆ ಹಾಕಿ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ಹಬೆಗೆ ಸಿಪ್ಪೆ ಸಡಿಲವಾಗುತ್ತದೆ, ಸುಟ್ಟ ಸಿಪ್ಪೆಯ ಹೊಗೆಯ ಪರಿಮಳ ತಿರುಳಿಗೆ ಇಳಿಯುತ್ತದೆ. ಸಿಪ್ಪೆ ತೆಗೆಯುವಾಗ ಕಾಯಿಯನ್ನು ನಲ್ಲಿಯ ಕೆಳಗೆ ಹಿಡಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇಪ್ಪತ್ತೈದು ನಿಮಿಷ ನಿಂತು ಗಳಿಸಿದ ಪರಿಮಳ ಮೋರಿಗೆ ಹೋಗುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು ಬೆರಳನ್ನು ಅದ್ದಿ ಅದ್ದಿ ಬಿಡಿಸಿದರೆ ಸಾಕು. ಅಲ್ಲಲ್ಲಿ ಸಾಸಿವೆ ಗಾತ್ರದ ಕರಿ ಚೂರು ಉಳಿದರೆ ಉಳಿಯಲಿ.

ಪಾತ್ರೆಯ ತಳದಲ್ಲಿ ಕಂದು ರಸ ನಿಂತಿರುತ್ತದೆ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಸಿಹಿಯಾಗಿದ್ದರೆ ಗೊಜ್ಜಿಗೆ ಸೇರಿಸುತ್ತೇನೆ, ಕಹಿಯಿದ್ದರೆ ಚೆಲ್ಲುತ್ತೇನೆ. ಮೊಸರು ಹಾಕುವುದಿದ್ದರೆ ಮಾತ್ರ ತಿರುಳನ್ನು ಜರಡಿಯಲ್ಲಿ ಹತ್ತು ನಿಮಿಷ ಸೋರಲು ಬಿಡುವುದು ಒಳ್ಳೆಯದು. 400 ಗ್ರಾಮಿನ ಕಾಯಿ ಎಲ್ಲ ಕಳೆದು ನನಗೆ ಹೆಚ್ಚುಕಡಿಮೆ 250 ಗ್ರಾಂ ತಿರುಳು ಕೊಡುತ್ತದೆ, ಇಬ್ಬರ ಊಟಕ್ಕೆ ಸರಿ.

ಗೊಜ್ಜಿಗೆ ಮೂರು ಹಸಿಮೆಣಸಿನಕಾಯಿಯನ್ನೂ ಅದೇ ಜಾಲರಿಯ ಮೇಲೆ ಸುಟ್ಟುಕೊಳ್ಳುತ್ತೇನೆ (ಅವನ್ನೂ ಚುಚ್ಚಿಯೇ ಇಡಬೇಕು). ಮೆಣಸಿನಕಾಯಿಗೆ ಕಲ್ಲುಪ್ಪು ಸೇರಿಸಿ ಮೊದಲು ನುರಿದು, ಆಮೇಲೆ ತಿರುಳನ್ನು ಹಾಕಿ ಕೈಯಲ್ಲೇ ಕಿವುಚುತ್ತೇನೆ. ಮಿಕ್ಸಿ ಖಂಡಿತ ಬೇಡ. ಬೀಜ ಅರೆದು ಕಹಿ ಬರುತ್ತದೆ, ತಿರುಳು ಅಂಟಿನಂತಾಗುತ್ತದೆ, ಎಳೆಎಳೆಯಾಗಿರಬೇಕಾದ ಹದ ಹೋಗಿಬಿಡುತ್ತದೆ. ಗೋಲಿ ಗಾತ್ರದ ಹುಣಸೆಹಣ್ಣಿನ ರಸ, ಚಿಟಿಕೆ ಬೆಲ್ಲ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ. ಹುಣಸೆಯ ಬದಲು ಮೊಸರು ಹಾಕಿದರೆ ಮೊಸರು ಬಜ್ಜಿ. ತಿರುಳು ಪೂರ್ತಿ ಆರಿರಬೇಕು, ಇಲ್ಲವಾದರೆ ಮೊಸರು ಒಡೆಯುತ್ತದೆ.

ಎರಡು ವರ್ಷ ನಾನಿದ್ದ ಇನ್ನೊಂದು ಮನೆಯಲ್ಲಿ ಇಂಡಕ್ಷನ್ ಒಲೆ ಮಾತ್ರ ಇತ್ತು. ಆಗ ಕಾಯಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಕೊಯ್ದ ಮುಖಕ್ಕೆ ಎಣ್ಣೆ ಸವರಿ, ಕಬ್ಬಿಣದ ದೋಸೆ ಕಾವಲಿಯ ಮೇಲೆ ಬೋರಲು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಕಾವಿನಲ್ಲಿ ಅರ್ಧ ಗಂಟೆ ಬಿಡುತ್ತಿದ್ದೆ. ಸ್ನೇಹಿತೆಯ ಮನೆಯ ಓವನ್‌ನಲ್ಲಿ, ಚುಚ್ಚಿದ ಇಡೀ ಕಾಯಿಯನ್ನು 220 ಡಿಗ್ರಿಯಲ್ಲಿ 45 ನಿಮಿಷ ಇಟ್ಟೂ ನೋಡಿದ್ದೇನೆ. ಎರಡರಲ್ಲೂ ತಿರುಳು ಚೆನ್ನಾಗಿ ಬೇಯುತ್ತದೆ, ಸಿಹಿಯೂ ಬರುತ್ತದೆ. ಸುಟ್ಟ ವಾಸನೆ ಮಾತ್ರ ಬರುವುದಿಲ್ಲ. ಅದಕ್ಕೊಂದು ಉಪಾಯವುಂಟು, ಬೆಂಕಿಯಿರುವ ಕಡೆ ಮಾಡಿಕೊಳ್ಳಬೇಕು: ತೆಂಗಿನ ಕರಟದ ಚೂರನ್ನು ಇಕ್ಕಳದಲ್ಲಿ ಹಿಡಿದು ಕೆಂಡವಾಗುವವರೆಗೆ ಸುಟ್ಟು, ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಬಟ್ಟಲನ್ನು ತಿರುಳಿನ ನಡುವೆ ಇಟ್ಟು, ಕೆಂಡದ ಮೇಲೆ ಎರಡು ಹನಿ ತುಪ್ಪ ಬಿಟ್ಟು ಮೂರು ನಿಮಿಷ ಮುಚ್ಚುವುದು. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಹೊಗೆ ಗಂಟಲಿಗೆ ಹಿಡಿಯುತ್ತದೆ.

ಇದ್ದಿಲಿನ ಅಗ್ಗಿಷ್ಟಿಕೆಯಲ್ಲೂ ಸುಟ್ಟಿದ್ದೇನೆ, ಮನೆಯ ಮಾಲೀಕರ ಒಪ್ಪಿಗೆ ಪಡೆದು, ತಾರಸಿಯಲ್ಲಿ. ಜ್ವಾಲೆಯೆಲ್ಲ ಅಡಗಿ, ಇದ್ದಿಲಿನ ಮೇಲೆ ಬಿಳಿ ಬೂದಿ ಕೂತ ಮೇಲೆ ಕಾಯಿ ಇಟ್ಟೆ. ಅಜ್ಜಿಯ ಬಚ್ಚಲೊಲೆಯ ರುಚಿಗೆ ನಾನು ತೀರ ಹತ್ತಿರ ಹೋದದ್ದು ಆ ಸಂಜೆಯೇ. ಇದನ್ನು ಮನೆಯೊಳಗಾಗಲಿ, ಮುಚ್ಚಿದ ಬಾಲ್ಕನಿಯಲ್ಲಾಗಲಿ ಯಾರೂ ಮಾಡಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಹಬ್ಬದ ದಿನಗಳಿಗೆ ಎರಡು ಕಾಯಿ ಹೆಚ್ಚಿಗೆ ಸುಟ್ಟು, ತಿರುಳನ್ನು ಉಪ್ಪು ಹಾಕದೆ ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿ ಇಡುತ್ತೇನೆ, ಎರಡು ದಿನ ಚೆನ್ನಾಗಿರುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಅಕ್ಕಿಹಿಟ್ಟಿಗೆ ಹಾಕಿ, ಸಬ್ಬಸಿಗೆ ಸೊಪ್ಪು, ಜೀರಿಗೆ, ಕಾಯಿತುರಿ, ಉಪ್ಪು ಸೇರಿಸಿ ರೊಟ್ಟಿಗೆ ಕಲಸುತ್ತೇನೆ. ಒಂದು ಲೋಟ ಹಿಟ್ಟಿಗೆ ಅರ್ಧ ಲೋಟ ತಿರುಳು. ನೀರನ್ನು ಮೊದಲೇ ಹಾಕಬೇಡಿ. ತಿರುಳಿನಲ್ಲಿಯೇ ಬೇಕಾದಷ್ಟು ಇರುತ್ತದೆ, ಹಿಟ್ಟು ಬೇಡಿದರೆ ಮಾತ್ರ ಚಿಮುಕಿಸಿ.