ಅಡ್ವಾನ್ಸ್ ಮರಳಿಸುವ ತಯಾರಿ ಪಡೆದ ದಿನವೇ ಇರಲಿ

ಮಂಗಳೂರಿನ ನಮ್ಮ ಮಾಳಿಗೆ ಮನೆಯನ್ನು ಮೊದಲ ಸಲ ಬಾಡಿಗೆಗೆ ಕೊಟ್ಟಾಗ ಬಂದ 50,000 ರೂಪಾಯಿ ಅಡ್ವಾನ್ಸ್ ನೇರವಾಗಿ ಮಗಳ ಕಾಲೇಜು ಫೀಸಿಗೆ ಹೋಯಿತು. ಎರಡು ವರ್ಷದ ಮೇಲೆ ಬಾಡಿಗೆಯವರು ಮನೆ ಬಿಡುವಾಗ ಚಿನ್ನ ಅಡವಿಟ್ಟು ಹಣ ಹೊಂದಿಸಿದೆ. ಹತ್ತು ದಿನ ತಡವಾಯಿತು. ಅವರು ಏನೂ ಅನ್ನಲಿಲ್ಲ. ಆದರೆ ಹೊಸ ಮನೆಯ ಅಡ್ವಾನ್ಸಿಗಾಗಿ ಅವರೂ ಯಾರ ಬಳಿಯೋ ಕೈಸಾಲ ಮಾಡಿದ್ದರೆಂದು ಆಮೇಲೆ ತಿಳಿದು ಬಹಳ ನೊಂದುಕೊಂಡೆ. ಅಂದಿನಿಂದ ಪಾಲಿಸುತ್ತಿರುವ ಕ್ರಮ ಇದು.

ಎಷ್ಟು ಕೇಳಬೇಕು?

ರಾಜ್ಯಗಳು ಅಳವಡಿಸಿಕೊಳ್ಳಲೆಂದು ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ, ಅಂಗಡಿ-ಕಚೇರಿಗೆ ಆರು ತಿಂಗಳ ಬಾಡಿಗೆಯ ಮಿತಿ ಹೇಳುತ್ತದೆ. ಮಣಿಪಾಲ, ದೇರಳಕಟ್ಟೆ ಕಡೆ ವಿದ್ಯಾರ್ಥಿಗಳಿಗೆ ಮಂಚ, ಫ್ರಿಜ್ ಸಮೇತ ಕೊಡುವವರು ಒಂದು ತಿಂಗಳದ್ದು ಹೆಚ್ಚು ಕೇಳಿದರೆ ನನಗೆ ತಪ್ಪು ಕಾಣುವುದಿಲ್ಲ. ಅದಕ್ಕಿಂತ ಹೆಚ್ಚು ಬೇಡ.

ಪಡೆಯುವ ದಿನ

ಬ್ಯಾಂಕ್ ಮೂಲಕವೇ ಪಡೆಯಿರಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದಕ್ಕೂ ಮರಳಿಸುವುದಕ್ಕೂ ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ. ಮೀರಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಣ ಬಂದ ಕೂಡಲೇ ರಶೀದಿ ಕೊಡಿ. ಕರಾರಿನಲ್ಲಿ ಮೊತ್ತ, ಎಷ್ಟು ದಿನದೊಳಗೆ ಮರಳಿಸುತ್ತೀರಿ, ಯಾವುದಕ್ಕೆ ಮುರಿದುಕೊಳ್ಳಬಹುದು, ಇವು ಮೂರೂ ಸ್ಪಷ್ಟವಾಗಿರಲಿ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕಾದ್ದರಿಂದ ಹೆಚ್ಚಿನವರು 11 ತಿಂಗಳಿಗೆ ಬರೆಸುತ್ತಾರೆ. ನವೀಕರಿಸುವಾಗ ‘ಹಳೆಯ ಅಡ್ವಾನ್ಸ್ ಮುಂದುವರಿದಿದೆ’ ಎಂಬ ಒಂದು ಸಾಲು ಸೇರಿಸಲು ಮರೆಯಬೇಡಿ.

ಎಲ್ಲಿ ಇಡಬೇಕು?

ಬೇರೆ ಉಳಿತಾಯ ಖಾತೆಯಲ್ಲಿ, ಇಲ್ಲವೇ ಕರಾರಿನ ಅವಧಿಗೆ ಹೊಂದುವ ಎಫ್‌ಡಿಯಲ್ಲಿ. ಅಸಲು ಬಾಡಿಗೆಯವರದ್ದು, ನಿಮ್ಮ ಆದಾಯವಲ್ಲ. ಅದರ ಬಡ್ಡಿ ನಿಮ್ಮ ಆದಾಯ, ಲೆಕ್ಕಕ್ಕೆ ತೋರಿಸಬೇಕು.

ಕೀಲಿ ಕೊಡುವ ಮೊದಲು

ಇಬ್ಬರೂ ಒಟ್ಟಿಗೆ ಕೋಣೆ ಕೋಣೆ ನೋಡಿ ವಿಡಿಯೋ ಮಾಡಿ. ಮೆಸ್ಕಾಂ ಮೀಟರಿನ ರೀಡಿಂಗ್, ನಲ್ಲಿ, ಗೀಸರ್, ಬಾವಿಯ ಪಂಪು, ಕಿಟಕಿಯ ಸರಳು ಎಲ್ಲವೂ ಬರಲಿ. ವಿಡಿಯೋದ ಪ್ರತಿ ಅವರ ಬಳಿಯೂ ಇರಲಿ.

ನಮ್ಮ ಕರಾವಳಿಯಲ್ಲಿ ಜಗಳ ಹುಟ್ಟುವುದೇ ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಪಡುಗೋಡೆ ನೀರು ಕುಡಿಯುತ್ತದೆ, ಕಪಾಟಿನೊಳಗೆ ಬೂಸ್ಟು ಹಿಡಿಯುತ್ತದೆ, ಪ್ಲೈವುಡ್ ಉಬ್ಬುತ್ತದೆ, ಉಪ್ಪುಗಾಳಿಗೆ ಗ್ರಿಲ್ ತುಕ್ಕು ಹಿಡಿಯುತ್ತದೆ. ಇದನ್ನೆಲ್ಲ ಬಾಡಿಗೆಯವರ ತಲೆಗೆ ಕಟ್ಟುವುದು ಅನ್ಯಾಯ. ಮಾಡಿನ ಹಂಚು ಒಡೆದು ಸೋರಿದ್ದಕ್ಕೆ ಹಾಳಾದ ಗೋಡೆಯ ಖರ್ಚೂ ಮಾಲೀಕರದ್ದೇ. ಅದೇ ಮುರಿದ ಸಿಂಕು, ಒಡೆದ ಗಾಜು, ಕಳೆದ ಕೀಲಿ ಅವರ ಲೆಕ್ಕಕ್ಕೆ. ಮೇ ತಿಂಗಳ ಒಣ ಗೋಡೆಯ ವಿಡಿಯೋ ಇಟ್ಟುಕೊಂಡು ಆಗಸ್ಟಿನ ಒದ್ದೆ ಗೋಡೆಗೆ ಹೋಲಿಸಬೇಡಿ.

ಬಿಡುವಾಗ

ಖಾಲಿ ಮಾಡುವ ಎರಡು ವಾರ ಮೊದಲೇ ಹೋಗಿ ನೋಡಿ ದುರಸ್ತಿಯ ಪಟ್ಟಿ ಕೊಡಿ. ತಾವೇ ಸರಿಮಾಡಿಸಲು ಅವರಿಗೆ ಅವಕಾಶ ಸಿಗಲಿ. ಕಡಿತ ಮಾಡಲೇಬೇಕಾದರೆ ಬಳಸಿದ ಅವಧಿಯನ್ನು ಬಿಟ್ಟು ಲೆಕ್ಕ ಹಾಕಿ. ಮಕ್ಕಳು ಗೀಚಿದ ಕೋಣೆಗೆ ಬಣ್ಣ ಬಳಿಸಲು 8,000 ರೂಪಾಯಿ ಬೇಕು ಎನ್ನಿ. ಆ ಬಣ್ಣ ನಾಲ್ಕು ವರ್ಷ ಬಾಳುವಂಥದ್ದು, ಬಳಿದು ಮೂರು ವರ್ಷ ಆಗಿದೆ. ಆಗ ಮುರಿಯಬೇಕಾದ್ದು 2,000 ಮಾತ್ರ. ಕೆಲಸದವರ ಬಿಲ್ ತೋರಿಸಿ. ಕೊನೆಯ ಕರೆಂಟ್ ಬಿಲ್, ನೀರಿನ ಬಿಲ್ ಕಳೆದು ಉಳಿದದ್ದನ್ನು ಕೀಲಿ ಪಡೆಯುವ ಹೊತ್ತಿಗೇ ಖಾತೆಗೆ ಹಾಕಿ, ‘ಪೂರ್ತಿ ಸಂದಾಯ’ ಎಂದು ಸಹಿ ಪಡೆಯಿರಿ.

ಬಾಡಿಗೆಯವರಿರುವ ಮನೆ ಕೊಳ್ಳುವವರಿಗೆ

ಹೂಡಿಕೆಗೆಂದು ಫ್ಲ್ಯಾಟ್ ಕೊಳ್ಳುವವರು ಹೆಚ್ಚಾಗಿ ಮರೆಯುವ ವಿಷಯವಿದು. ಮನೆ ಕೈಬದಲಾದರೆ ನಾಳೆ ಬಾಡಿಗೆಯವರು ಅಡ್ವಾನ್ಸ್ ಕೇಳಿಕೊಂಡು ಬರುವುದು ನಿಮ್ಮ ಬಾಗಿಲಿಗೇ. ಆದ್ದರಿಂದ ಕ್ರಯಪತ್ರಕ್ಕೆ ಮೊದಲೇ ಹಳೆಯ ಕರಾರು ಓದಿ, ಕೊಟ್ಟಿರುವ ಮೊತ್ತವೆಷ್ಟೆಂದು ಬಾಡಿಗೆಯವರಿಂದಲೇ ಬರೆಸಿಕೊಳ್ಳಿ. ಮಾರುವವರಿಗೆ ಕೊಡುವ ಬೆಲೆಯಲ್ಲಿ ಅಷ್ಟನ್ನು ಹಿಡಿದು, ಬೇರೆ ಖಾತೆಗೆ ಹಾಕಿಡಿ.