ಹಳೆ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ

ಸೆಕೆಂಡ್‌ಹ್ಯಾಂಡ್ 8 ಜಿಬಿ ಡಿಡಿಆರ್4 ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯ ಪಟ್ಟಿ) ಹಾಕಿದ ಮರುದಿನವೇ ನನ್ನ ಕಂಪ್ಯೂಟರಿನಲ್ಲಿ ನೀಲಿ ಪರದೆ, ಅಂದರೆ ವಿಂಡೋಸ್ ಕೆಟ್ಟು ನಿಂತಾಗ ಬರುವ ದೋಷದ ಪರದೆ, ಶುರುವಾಯಿತು. ವಿಂಡೋಸ್ ಮತ್ತೆ ಹಾಕುತ್ತಾ ಎರಡು ದಿನ ಕಳೆದೆ. ನೀವು ಹಾಗೆ ಮಾಡಬೇಡಿ. ಕೆಟ್ಟ ರ‍್ಯಾಮ್ ಇದ್ದಾಗ ಕಾಪಿ ಮಾಡಿದ ಫೈಲೂ ಸದ್ದಿಲ್ಲದೆ ಹಾಳಾಗಬಹುದು. ನನ್ನ ಮಗಳ ಫೋಟೊಗಳು ಹೋದದ್ದು ಹೀಗೆಯೇ.

ಮೊದಲು ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ರ‍್ಯಾಮ್ ಕಳಚಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆಫ್ ಮಾಡಿ.

ಬೇರೆ ಕಂಪ್ಯೂಟರಿನಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶದ ಪೆನ್‌ಡ್ರೈವ್ ಸಿದ್ಧಪಡಿಸಿ, ಒಂದು ಸಲಕ್ಕೆ ಒಂದೇ ರ‍್ಯಾಮ್ ಹಾಕಿ ರಾತ್ರಿಯಿಡೀ ಓಡಿಸಿ. ನನ್ನದರಲ್ಲಿ ಮೂರನೇ ಸುತ್ತಿಗೆ ತಪ್ಪು ಕಾಣಿಸಿತು. ಒಂದೇ ತಪ್ಪು ಬಂದರೂ ಸ್ಲಾಟ್ (ರ‍್ಯಾಮ್ ಕೂರುವ ಜಾಗ) ಬದಲಿಸಿ ನೋಡಿ. ಬೇರೆ ಸ್ಲಾಟಿನಲ್ಲೂ ಅದೇ ರ‍್ಯಾಮ್ ತಪ್ಪು ತೋರಿಸಿದರೆ, ಸ್ಕ್ರೀನಿನ ಫೋಟೊ ತೆಗೆದುಕೊಂಡು ಅಂಗಡಿಗೆ ವಾಪಸ್ ಕೊಡಿ.