ಲ್ಯಾಪ್‌ಟಾಪ್ ಸ್ಕ್ರೀನ್ ಕಪ್ಪಾಯಿತೇ? ಅಂಗಡಿಗೆ ಓಡುವ ಮೊದಲು ಹೀಗೆ ನೋಡಿ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಅಣ್ಣನ ಮಗಳು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬೆಳಗಾವಿಯ ತಿಲಕವಾಡಿಯಲ್ಲಿರುವ ನಮ್ಮ ಮನೆಗೆ ಬಂದಳು. "ಕಾಕಾ, ಸ್ಕ್ರೀನ್ ಪೂರಾ ಕರ್ರಗ ಆಗೈತಿ. ಅಂಗಡ್ಯಾಗ ಬೋರ್ಡ್ ಹೋಗೈತಿ ಅಂದ್ರು" ಎಂದಳು. ಎಂಜಿನಿಯರಿಂಗ್ ಕೊನೆಯ ವರ್ಷ ಅವಳದು. ಪ್ರಾಜೆಕ್ಟ್ ವರದಿಯೆಲ್ಲ ಅದರೊಳಗೇ ಇತ್ತು. ಬೋರ್ಡ್, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡ್, ಬದಲಿಸಲು 14,000 ರೂಪಾಯಿ ಕೇಳಿದ್ದರಂತೆ.

ನಾನು ಆನ್ ಮಾಡಿ ಕಿವಿ ಇಟ್ಟು ಕೇಳಿದೆ. ಫ್ಯಾನ್ ತಿರುಗುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿದರೆ ಪುಟ್ಟ ದೀಪ ಹತ್ತಿತು, ಮತ್ತೆ ಒತ್ತಿದರೆ ಆರಿತು. ಅಷ್ಟಕ್ಕೇ ಅರ್ಧ ಸಮಾಧಾನವಾಯಿತು. ಬೋರ್ಡ್ ಪೂರ್ತಿ ಸತ್ತಿದ್ದರೆ ಆ ದೀಪ ಹೀಗೆ ಮಾತು ಕೇಳುವುದಿಲ್ಲ.

ಸ್ಕ್ರೀನ್ ಮೇಲೆ ಚಿತ್ರ ಬರಬೇಕಾದರೆ ಮೂರು ಕೆಲಸ ನಡೆಯಬೇಕು. ಮದರ್‌ಬೋರ್ಡ್ ಚಿತ್ರವನ್ನು ತಯಾರು ಮಾಡಬೇಕು. ಹಿಂಜ್ (ಮುಚ್ಚಳದ ಕೀಲು) ಮೂಲಕ ಹಾದುಹೋಗುವ ತೆಳು ಕೇಬಲ್ ಅದನ್ನು ಮೇಲಕ್ಕೆ ಒಯ್ಯಬೇಕು. ಪ್ಯಾನೆಲ್, ಅಂದರೆ ಚಿತ್ರ ಮೂಡುವ ಸ್ಕ್ರೀನಿನ ಹಾಳೆ, ಅದನ್ನು ತೋರಿಸಬೇಕು, ಅದರ ಹಿಂದಿನ ಬೆಳಕೂ ಹತ್ತಬೇಕು. ಎಲ್ಲಿ ಕೈಕೊಟ್ಟಿದೆ ಎಂದು ಗೊತ್ತಾಗುವ ತನಕ ದುಡ್ಡು ಬಿಚ್ಚಬೇಡಿ.

ಮೊದಲು ಪುಕ್ಕಟೆ ಪರೀಕ್ಷೆಗಳು

ಬ್ರೈಟ್‌ನೆಸ್ ಕೀಲಿ ಒತ್ತಿ ಬೆಳಕು ಹೆಚ್ಚಿಸಿ ನೋಡಿ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ, ಈ ನಾಲ್ಕೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್ 10 ಮತ್ತು 11ರಲ್ಲಿ ಇದು ಚಿತ್ರ ತೋರಿಸುವ ಸಾಫ್ಟ್‌ವೇರನ್ನು (ಡ್ರೈವರ್) ಹೊಸದಾಗಿ ಶುರುಮಾಡುತ್ತದೆ. ಬೀಪ್ ಎಂದರೆ ವಿಂಡೋಸ್ ಎಚ್ಚರವಾಗಿದೆ ಎಂದರ್ಥ.

ಏನೂ ಆಗದಿದ್ದರೆ ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಮತ್ತೆ ಚಾರ್ಜರ್ ಸಿಕ್ಕಿಸಿ ಆನ್ ಮಾಡಿ. ಸಣ್ಣ ಉಪಾಯ ಅನಿಸಬಹುದು, ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುವುದನ್ನು ನಾನು ನೋಡಿದ್ದೇನೆ.

ಇನ್ನೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಮುಚ್ಚಳ ಮುಚ್ಚಿದ್ದು ಲ್ಯಾಪ್‌ಟಾಪ್‌ಗೆ ತಿಳಿಯುವುದು ಒಂದು ಪುಟ್ಟ ಅಯಸ್ಕಾಂತದಿಂದ. ಇನ್ನೊಂದು ಲ್ಯಾಪ್‌ಟಾಪ್ ಮೇಲೆ ಇದನ್ನು ಇಟ್ಟಿದ್ದರೆ, ಅಯಸ್ಕಾಂತವಿರುವ ಫೋನ್ ಕವರ್ ಕೀಬೋರ್ಡ್ ಪಕ್ಕ ಇದ್ದರೆ, ಮುಚ್ಚಳ ಮುಚ್ಚಿದೆ ಎಂದೇ ಅದು ತಿಳಿದು ಸ್ಕ್ರೀನ್ ಆರಿಸಿಬಿಡುತ್ತದೆ. ಬರೀ ಮರದ ಮೇಜಿನ ಮೇಲಿಟ್ಟು ಒಮ್ಮೆ ನೋಡಿ.

ಟಾರ್ಚ್ ಮತ್ತು ಟಿವಿ

ಕೋಣೆಯ ದೀಪ ಆರಿಸಿ. ಫೋನ್ ಟಾರ್ಚನ್ನು ಸ್ಕ್ರೀನ್‌ಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಅಕ್ಷರ, ಚಿತ್ರ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. ಪ್ಯಾನೆಲ್ ಒಳಗಿನ ಎಲ್‌ಇಡಿ ಸಾಲು, ಕೇಬಲ್, ಇಲ್ಲವೇ ಬೋರ್ಡ್ ಮೇಲಿನ ಬೆಳಕಿನ ಫ್ಯೂಸ್, ಇವುಗಳಲ್ಲೊಂದು ಕಾರಣ.

ಮುಂದಿನ ಪರೀಕ್ಷೆಗೆ ಟಿವಿ ಬೇಕು. ಎಚ್‌ಡಿಎಂಐ ಕೇಬಲ್ (ಲ್ಯಾಪ್‌ಟಾಪ್‌ನ ಚಿತ್ರವನ್ನು ಟಿವಿಗೆ ಒಯ್ಯುವ ಕೇಬಲ್) ಇಲ್ಲ ಎಂದು ಕೈಚೆಲ್ಲಬೇಡಿ. ಮನೆಯ ಸೆಟ್‌ಟಾಪ್ ಬಾಕ್ಸ್‌ನಿಂದ ಟಿವಿಗೆ ಹೋಗುವುದೂ ಬಹಳ ಕಡೆ ಅದೇ ಕೇಬಲ್. ಅದನ್ನೇ ಬಿಚ್ಚಿ ಲ್ಯಾಪ್‌ಟಾಪ್‌ಗೆ ಹಾಕಿ. ಟಿವಿಯಲ್ಲಿ ಎಚ್‌ಡಿಎಂಐ ಆರಿಸಿ, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಪಿ ಒತ್ತಿ. ಒಂದೆರಡು ನಿಮಿಷ ಕಾಯಿರಿ. ಕೆಲವು ಲ್ಯಾಪ್‌ಟಾಪ್‌ಗಳು ವಿಂಡೋಸ್ ಪೂರ್ತಿ ತೆರೆದ ಮೇಲೆಯೇ ಹೊರಗೆ ಚಿತ್ರ ಕಳಿಸುತ್ತವೆ.

ನಮ್ಮ ಟಿವಿಯಲ್ಲಿ ಅವಳ ಡೆಸ್ಕ್‌ಟಾಪ್ ಚಿತ್ರ ಬಂದಾಗ ಹುಡುಗಿಯ ಕಣ್ಣಲ್ಲಿ ನೀರು ಬಂತು. ಟಿವಿಯಲ್ಲಿ ಬಂತು ಎಂದರೆ ಬೋರ್ಡ್ ಚಿತ್ರ ತಯಾರು ಮಾಡುತ್ತಿದೆ. ತಪ್ಪು ಇರುವುದು ಕೇಬಲ್‌ನಲ್ಲಿ, ಪ್ಯಾನೆಲ್‌ನಲ್ಲಿ, ಅವು ಕೂರುವ ಜಾಗದಲ್ಲಿ, ಅಥವಾ ಬೆಳಕಿನ ಫ್ಯೂಸ್‌ನಲ್ಲಿ. ಬೇರೇನೂ ಮಾಡುವ ಮೊದಲು ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಟ್ಟುಕೊಳ್ಳಿ. ನಾವೂ ಅದನ್ನೇ ಮಾಡಿದೆವು.

ಟಿವಿಯಲ್ಲೂ ಬರದಿದ್ದರೆ, ಅದರಲ್ಲೂ ಆನ್ ಆಗುವಾಗ ಬೀಪ್ ಸದ್ದು ಬಂದರೆ, ರ್‍ಯಾಮ್ (ಕೆಲಸದ ಹೊತ್ತಿಗೆ ಮಾಹಿತಿ ಹಿಡಿದಿಡುವ ಪುಟ್ಟ ಪಟ್ಟಿ) ಮೇಲೆ ಅನುಮಾನ ಪಡಿ. ಕೆಳಗೆ ‘ಬಿಚ್ಚುವಾಗ’ ಎಂಬಲ್ಲಿ ಹೇಳಿದ ಹಾಗೆ ಬ್ಯಾಟರಿ ಬಿಡಿಸಿದ ಮೇಲೆ ಅದನ್ನು ತೆಗೆದು, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವಂತೆ ಮತ್ತೆ ಕೂರಿಸಿ. ಅದಕ್ಕೂ ಬಗ್ಗದಿದ್ದರೆ ಬೋರ್ಡ್ ಕೆಲಸ ಬಲ್ಲವರ ಹತ್ತಿರವೇ ಹೋಗಬೇಕು.

ಕೇಬಲ್ಲೋ, ಪ್ಯಾನೆಲ್ಲೋ?

ಲ್ಯಾಪ್‌ಟಾಪ್ ಆನ್ ಇರುವಾಗ ಮುಚ್ಚಳವನ್ನು ಬಹಳ ನಿಧಾನವಾಗಿ ಹಿಂದೆ ಮುಂದೆ ಮಾಡಿ. ಯಾವುದೋ ಒಂದು ಕೋನದಲ್ಲಿ ಚಿತ್ರ ಮಿಂಚಿ ಮಾಯವಾದರೆ ಬಹುತೇಕ ಕೇಬಲ್ಲೇ. ಇವಳದ್ದು ಮುಚ್ಚಳ ಅರ್ಧ ಬಾಗಿದ್ದಾಗ ಒಂದು ಕ್ಷಣ ಬೆಳಗಿತು. ದಿನಾ ಒಂದೇ ಮೂಲೆ ಹಿಡಿದು ತೆರೆಯುತ್ತಿದ್ದಳಂತೆ. ಹಿಂಜ್ ಸಡಿಲವಾಗಿ ಕೇಬಲ್ ಸವೆದಿತ್ತು. ಶಾಯಿ ಚೆಲ್ಲಿದಂಥ ಕಲೆ, ಬಿರುಕು ಕಂಡರೆ ಪ್ಯಾನೆಲ್ಲೇ ಹೋಗಿದೆ ಎನ್ನಬಹುದು. ಡೆಲ್ ಲ್ಯಾಪ್‌ಟಾಪ್ ಆದರೆ ಡಿ ಕೀಲಿ ಹಿಡಿದು ಪವರ್ ಒತ್ತಿ. ಸ್ಕ್ರೀನ್ ತಾನೇ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣ ತೋರಿಸುತ್ತದೆ. ಬಣ್ಣ ಸರಿಯಾಗಿ ಬಂದರೆ ಪ್ಯಾನೆಲ್ ಚೆನ್ನಾಗಿದೆ.

ಬಿಚ್ಚುವಾಗ

ಇಲ್ಲಿ ಅವಸರ ಮಾಡಬೇಡಿ. ಬ್ಯಾಟರಿ ಉಬ್ಬಿದ್ದರೆ ಮುಟ್ಟಲೇಬೇಡಿ. ಟಚ್‌ಸ್ಕ್ರೀನ್ ಇದ್ದು ಮುಂದಿನ ಗಾಜು ಪೂರ್ತಿ ಅಂಟಿಸಿದ್ದರೆ ಅದನ್ನೂ ಬಲ್ಲವರಿಗೆ ಬಿಡಿ.

ಲ್ಯಾಪ್‌ಟಾಪನ್ನು ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ. ಚಾರ್ಜರ್ ತೆಗೆಯಿರಿ. ಹಿಂಬದಿಯ ಸ್ಕ್ರೂ ಬಿಚ್ಚಿ, ಎಲ್ಲಿಯದು ಯಾವುದು ಎಂದು ಕಾಗದದ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಇಡಿ. ಬ್ಯಾಟರಿಯ ಕನೆಕ್ಟರನ್ನು ಬೋರ್ಡ್‌ನಿಂದ ಬಿಡಿಸಿ. ಈ ಹೆಜ್ಜೆ ಬಿಡುವ ಹಾಗೇ ಇಲ್ಲ. ಸ್ಕ್ರೀನಿನ ಕೇಬಲ್‌ನಲ್ಲಿ ಬೆಳಕಿಗೆಂದೇ ಕರೆಂಟ್ ಹರಿಯುವ ತಂತಿ ಇದೆ. ಬ್ಯಾಟರಿ ಇರುವಾಗಲೇ ಎಳೆದರೆ ಬೋರ್ಡ್ ಮೇಲಿನ ಫ್ಯೂಸ್ ಸುಟ್ಟು, ಸಣ್ಣ ರಿಪೇರಿ ದೊಡ್ಡದಾಗಬಹುದು.

ಸ್ಕ್ರೀನ್ ಸುತ್ತಲಿನ ಪ್ಲಾಸ್ಟಿಕ್ ಫ್ರೇಮನ್ನು ಹಳೆಯ ಎಟಿಎಂ ಕಾರ್ಡಿನಿಂದ ಒಳ ಅಂಚಿನಿಂದ ಬಿಡಿಸುತ್ತ ಹೋಗಿ. ಕೆಲವಕ್ಕೆ ರಬ್ಬರ್ ಗುಂಡಿಯಡಿ ಸ್ಕ್ರೂ ಇರುತ್ತದೆ, ಕೆಲವಕ್ಕೆ ಗೋಂದಿನ ಟೇಪ್. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿದರೆ ಟೇಪ್ ಬಿಡುತ್ತದೆ. ಪ್ಯಾನೆಲ್ ಬಿಚ್ಚಿ, ಮೆತ್ತನೆಯ ಬಟ್ಟೆ ಹಾಸಿ ಕೀಬೋರ್ಡ್ ಮೇಲೆ ಬೋರಲು ಮಲಗಿಸಿ. ಹಿಂಬದಿಯ ಕನೆಕ್ಟರ್ ಮೇಲಿನ ಪಾರದರ್ಶಕ ಟೇಪ್ ಬಿಡಿಸಿ, ಲೋಹದ ಕೊಂಡಿ ಇದ್ದರೆ ಎತ್ತಿ. ಕೇಬಲನ್ನು ಮೇಲಕ್ಕೆ ಎಳೆಯಬೇಡಿ, ಪ್ಯಾನೆಲ್‌ಗೆ ಸಮಾನಾಂತರವಾಗಿ ಸರಿಸಿ.

ನಮ್ಮ ಊರಿನ ಮಳೆಗೆ ಒಳಗೆಲ್ಲ ತೇವ ಹಿಡಿಯುತ್ತದೆ ಅಲ್ವಾ? ಕನೆಕ್ಟರಿನ ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮೃದು ಬ್ರಷ್‌ನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ ಮತ್ತೆ ಜೋಡಿಸಿ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇವಳದ್ದು ಹಾಗೆ ಆಗಲಿಲ್ಲ. ಹಿಂಜ್ ಹತ್ತಿರ ಕೇಬಲಿನ ಹೊದಿಕೆಯೇ ಹರಿದಿತ್ತು. ಕೇಬಲ್ ಮೇಲಿನ ಚೀಟಿಯ ನಂಬರ್ ಹೇಳಿ ಹೊಸದನ್ನು ತರಿಸಿದೆವು. ಖರ್ಚು 900 ರೂಪಾಯಿ.

ಪ್ಯಾನೆಲ್ಲೇ ಕೊಳ್ಳಬೇಕಾದರೆ ಸುಮ್ನೆ ಲ್ಯಾಪ್‌ಟಾಪ್ ಹೆಸರು ಹೇಳಿದರೆ ಸಾಲದು. ಒಂದೇ ಮಾದರಿಗೆ ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತಾರೆ. ಹಳೆಯ ಪ್ಯಾನೆಲ್ ಹಿಂದಿನ ಚೀಟಿಯ ನಂಬರ್, ಅಳತೆ, 1920×1080ರಂಥ ರೆಸಲ್ಯೂಷನ್ (ಚಿತ್ರದ ಚುಕ್ಕೆಗಳ ಲೆಕ್ಕ), ಪಿನ್ 30 ಇವೆಯೋ 40 ಇವೆಯೋ, ಸ್ಕ್ರೂ ಹಾಕುವ ಕಿವಿಗಳು ಇವೆಯೋ ಇಲ್ಲವೋ, ಎಲ್ಲ ಹೊಂದಬೇಕು. ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಅಂಗಡಿಯವರಿಂದಲೇ ಹಾಕಿಸುವುದಾದರೆ ಹಳೆಯ ಪ್ಯಾನೆಲ್ ವಾಪಸ್ ಕೇಳಿ, ಬಿಲ್ಲಿನಲ್ಲಿ ಹೊಸದರ ನಂಬರ್ ಬರೆಸಿ.

ಹೊಸದನ್ನು ಜೋಡಿಸಿದ ಮೇಲೆ ಹಿಂಜ್‌ನ ಸ್ಕ್ರೂ ಬಿಗಿ ಮಾಡಿ, ಬ್ಯಾಟರಿ ಸಿಕ್ಕಿಸಿ, ಫ್ರೇಮ್ ಹಾಕದೆಯೇ ಆನ್ ಮಾಡಿ. ಅರ್ಧ ಗಂಟೆ ಒಂದು ವಿಡಿಯೊ ಓಡಲಿ. ಆ ನಡುವೆ ಮುಚ್ಚಳವನ್ನು ಮೂಲೆಯಲ್ಲಲ್ಲ, ನಡುವೆ ಹಿಡಿದು ಹತ್ತು ಸಲ ಹಿಂದೆ ಮುಂದೆ ಬಾಗಿಸಿ. ಒಮ್ಮೆಯೂ ಮಿನುಗದಿದ್ದರೆ ಫ್ರೇಮನ್ನು ಸುತ್ತಲೂ ಒತ್ತಿ ಕೂರಿಸಿ.